ಕೂಡಿಟ್ಟ ಚಿತ್ರಗಳಿಂದ ಮನೆಯನ್ನು ಸಜ್ಜುಗೊಳಿಸುವುದು ಹೇಗೆ? – ಒಳಾಂಗಣದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಎರಡು ಮಲಗುವ ಕೋಣೆಗಳ ಫ್ಲ್ಯಾಟ್ ಕೊಂಡಿದ್ದೇವೆ. ಅದರ ಒಳಾಂಗಣಕ್ಕೆಂದು ಪಿಂಟರೆಸ್ಟ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಕಂಡ ಚಿತ್ರಗಳನ್ನು ಕೂಡಿಡುತ್ತಾ ಬಂದಿದ್ದೇನೆ. ಒಂದರಲ್ಲಿ ಜಪಾನಿನ ಸರಳತೆ, ಇನ್ನೊಂದರಲ್ಲಿ ರಾಜಸ್ಥಾನದ ಬಣ್ಣ, ಮತ್ತೊಂದರಲ್ಲಿ ನಡುವೆ ತೆರೆದ ಅಂಗಳವಿರುವ ಕೇರಳದ ನಾಲುಕೆಟ್ಟು ಮನೆ. ಎಲ್ಲವೂ ಇಷ್ಟವಾಗುತ್ತವೆ, ಯಾವುದನ್ನೂ ಆರಿಸಲಾಗುತ್ತಿಲ್ಲ. ನಮ್ಮ ಯಜಮಾನರು ಎಲ್ಲವನ್ನೂ ಇಂಟೀರಿಯರ್‌ನವರಿಗೆ ಒಪ್ಪಿಸಿಬಿಡೋಣ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ರಾಜರಾಜೇಶ್ವರಿನಗರ, ಬೆಂಗಳೂರು

ಉತ್ತರ: ಒಪ್ಪಿಸುವುದರಲ್ಲಿ ತಪ್ಪೇನೂ ಇಲ್ಲ, ಆದರೆ ನಿಮಗೇನು ಬೇಕೆಂಬುದನ್ನು ನೀವು ಹೇಳದಿದ್ದರೆ, ಹಿಂದಿನ ಗಿರಾಕಿಗೆ ಮಾಡಿಕೊಟ್ಟ ಫಾಲ್ಸ್ ಸೀಲಿಂಗ್ ಮತ್ತು ಟಿವಿ ಯೂನಿಟ್‌ಗಳೇ ಬೇರೆ ಬಣ್ಣದ ಲ್ಯಾಮಿನೇಟ್ ಹೊದ್ದು ನಿಮ್ಮ ಮನೆಗೂ ಬರುತ್ತವೆ. ಆದ್ದರಿಂದ ಮೊದಲು ಆ ಚಿತ್ರಗಳ ರಾಶಿಯನ್ನು ಸೋಸಬೇಕು. ಎರಡನೆಯ ಸಲ ನೋಡಿದಾಗಲೂ ಮನಸ್ಸು ನಿಲ್ಲುವಂಥ ಹದಿನೈದು ಇಪ್ಪತ್ತು ಚಿತ್ರಗಳನ್ನಷ್ಟೇ ಉಳಿಸಿಕೊಳ್ಳಿ. ಅವುಗಳಲ್ಲಿ ಕಾಣುವ ಸೋಫಾ, ದೀಪ, ಹೂದಾನಿಗಳ ಕಡೆಗೆ ಈಗಲೇ ಗಮನ ಕೊಡಬೇಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ನೆಲದ ಎಷ್ಟು ಭಾಗ ಖಾಲಿಯಾಗಿ ಕಾಣುತ್ತಿದೆ, ಒಟ್ಟು ಎಷ್ಟು ಬಣ್ಣಗಳಿವೆ, ಕುಳಿತುಕೊಳ್ಳುವ ಜಾಗ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಪ್ರತಿ ಚಿತ್ರದ ಕೆಳಗೂ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಜಪಾನಿನ ಕೋಣೆಯೂ ನಾಲುಕೆಟ್ಟಿನ ಪಡಸಾಲೆಯೂ ನಿಮಗೆ ಒಟ್ಟಿಗೆ ಹಿಡಿಸಿರುವುದಕ್ಕೆ ಕಾರಣ ಅಲ್ಲಿಯೇ ಸಿಕ್ಕೀತು: ಎರಡರಲ್ಲೂ ಮರವಿದೆ, ತಗ್ಗಾದ ಆಸನಗಳಿವೆ, ಒಂದೇ ದಿಕ್ಕಿನಿಂದ ಬರುವ ಮೆತ್ತನೆಯ ಬೆಳಕಿದೆ. ರಾಜಸ್ಥಾನದ ಚಿತ್ರ ಮಾತ್ರ ಈ ಪಂಕ್ತಿಗೆ ಸೇರದೆ ಹೊರಗೆ ಉಳಿಯಬಹುದು. ಉಳಿದರೆ ಅದನ್ನು ಒಂದು ದಿಂಬಿನ ಹೊದಿಕೆಗೋ ಪೂಜಾಕೋಣೆಯ ಗೋಡೆಗೋ ಸೀಮಿತಗೊಳಿಸಿದರೆ ಸಾಕು.

ಚಿತ್ರಗಳ ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು. ಒಳಾಂಗಣದ ಚಿತ್ರಗಳನ್ನು ಸಾಮಾನ್ಯವಾಗಿ ವಿಶಾಲ ನೋಟದ ಲೆನ್ಸ್‌ನಲ್ಲಿ ತೆಗೆಯುವುದರಿಂದ ಹತ್ತಡಿಯ ಕೋಣೆಯೂ ಹದಿನಾರು ಅಡಿಯದಾಗಿ ಕಾಣುತ್ತದೆ. ಚಿತ್ರ ತೆಗೆಯುವ ಮೊದಲು ವೈರುಗಳು, ಚಪ್ಪಲಿಗಳು, ಬಟ್ಟೆ ಒಣಗಿಸುವ ಸ್ಟ್ಯಾಂಡು, ಅಡುಗೆಮನೆಯ ಕುಕ್ಕರು, ಮಿಕ್ಸಿ ಎಲ್ಲವನ್ನೂ ಹೊರಗೆ ಸಾಗಿಸಿರುತ್ತಾರೆ. ಅಂಥ ಚಿತ್ರವನ್ನು ಮುಂದಿಟ್ಟುಕೊಂಡು ತೆರೆದ ಕಪಾಟುಗಳ ಅಡುಗೆಮನೆ ಮಾಡಿಸಿಕೊಂಡವರು, ಒಗ್ಗರಣೆಯ ಜಿಡ್ಡು ಕೂತ ಡಬ್ಬಿಗಳನ್ನು ವಾರವಾರವೂ ತಿಕ್ಕುತ್ತಾ ಕೂರಬೇಕಾಗುತ್ತದೆ.

ಈಗ ಬಹಳ ಮಾತಿನಲ್ಲಿರುವ ಜಪಾಂಡಿ ಶೈಲಿಯೆಂದರೆ ಜಪಾನಿನ ಮತ್ತು ಸ್ಕ್ಯಾಂಡಿನೇವಿಯಾದ ಮನೆಗಳ ಸರಳತೆಯನ್ನು ಬೆರೆಸಿದ್ದು. ಅದರ ಬೂದು ಮತ್ತು ಮರಳು ಬಣ್ಣಗಳಲ್ಲಿ ಕಲಿಯಬೇಕಾದದ್ದು ಹೆಚ್ಚೇನೂ ಇಲ್ಲ. ವಸ್ತುಗಳ ನಡುವೆ ಅದು ಬಿಡುವ ಖಾಲಿ ಜಾಗವನ್ನು ಗಮನಿಸಿ. ಆದರೆ ಅದರ ತಗ್ಗು ಆಸನಗಳನ್ನು ಹಾಗೆಯೇ ತಂದುಕೊಳ್ಳಬೇಡಿ. ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಆಸನ ನೆಲದಿಂದ 45 ಸೆಂಟಿಮೀಟರ್ ಎತ್ತರವಾದರೂ ಇರಲಿ.

ಸಣ್ಣ ಮನೆಯವರು ನೋಡಬೇಕಾದದ್ದು ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ (1919–2003) ಅವರು ಕೊಲಂಬೊದಲ್ಲಿ ಕಟ್ಟಿಕೊಂಡ ಸ್ವಂತ ಮನೆ. ಒಂದು ಓಣಿಯ ನಾಲ್ಕು ಸಣ್ಣ ಮನೆಗಳನ್ನು ಒಂದೊಂದಾಗಿ ಪಡೆದು ಒಂದಕ್ಕೊಂದು ಜೋಡಿಸಿದ ಮನೆಯದು. ಮಂದ ಬೆಳಕಿನ ಹಾದಿಯಲ್ಲಿ ನಡೆದು ಹೋಗುತ್ತಿರುವಾಗ ಅದರ ತುದಿಯಲ್ಲಿ ಆಕಾಶಕ್ಕೆ ತೆರೆದ ಪುಟ್ಟ ಅಂಗಳವೊಂದು ಬೆಳಗುತ್ತಿರುತ್ತದೆ, ಆದ್ದರಿಂದ ಮನೆ ಇರುವುದಕ್ಕಿಂತ ಉದ್ದವಾಗಿ ತೋರುತ್ತದೆ. ನಿಮ್ಮ ಫ್ಲ್ಯಾಟಿನಲ್ಲಿ ಅಂಗಳ ಇರಲಾರದು, ಬಾಲ್ಕನಿ ಇದ್ದೇ ಇರುತ್ತದೆ. ಮುಂಬಾಗಿಲು ತೆರೆದ ಕೂಡಲೇ ದೃಷ್ಟಿ ನೇರವಾಗಿ ಬಾಲ್ಕನಿಯ ಹಸಿರಿಗೆ ಹೋಗುವಂತೆ ನಡುವಿನ ಎತ್ತರದ ಕಪಾಟುಗಳನ್ನು ಪಕ್ಕದ ಗೋಡೆಗೆ ಸರಿಸಿದರೆ ಅದೇ ಪರಿಣಾಮದ ಒಂದು ಪಾಲು ಕಾಸು ಖರ್ಚಿಲ್ಲದೆ ಸಿಗುತ್ತದೆ.

ಬೆತ್ತದ ಹೆಣಿಗೆಯ ಕುರ್ಚಿಗಳೂ ನಿಮ್ಮ ಚಿತ್ರಗಳಲ್ಲಿ ಇದ್ದೇ ಇರಬೇಕು. 1950ರ ದಶಕದಲ್ಲಿ ಚಂಡೀಗಢ ನಗರವನ್ನು ಕಟ್ಟುವಾಗ, ಅದನ್ನು ಯೋಜಿಸಿದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಅವರ ದಾಯಾದಿ ಪಿಯರ್ ಜಾನ್ನರೆ ಅಲ್ಲಿನ ಕಚೇರಿಗಳಿಗೆಂದು ತೇಗದ ಮರ ಮತ್ತು ಬೆತ್ತದ ಕುರ್ಚಿಗಳನ್ನು ರೂಪಿಸಿದ್ದರು. ಸರ್ಕಾರಿ ಕಚೇರಿಗಳಲ್ಲಿ ಹಳತಾಗಿ ಗುಜರಿಗೆ ಬಿದ್ದ ಅವು ಮುಂದೆ ವಿದೇಶಗಳ ಹರಾಜಿನಲ್ಲಿ ದೊಡ್ಡ ಬೆಲೆಗೆ ಮಾರಾಟವಾದವು. ಇಂದಿನ ಅಂಗಡಿಗಳಲ್ಲಿರುವ ಅನೇಕ ಬೆತ್ತದ ಕುರ್ಚಿಗಳು ಅವುಗಳ ನಕಲು. ಊರಿನ ಅಟ್ಟದಲ್ಲಿ ನಿಮ್ಮ ಅಜ್ಜನವರ ಕಾಲದ ಆರಾಮಕುರ್ಚಿಯೊಂದು ಇದ್ದರೆ, ನಕಲಿಗೆ ದುಡ್ಡು ಸುರಿಯುವ ಮೊದಲು ಅದಕ್ಕೆ ಹೊಸ ಬೆತ್ತ ಹೆಣೆಸಿ ನೋಡಿ.

ಕೊಳ್ಳುವ ಮೊದಲು ಅಳತೆ ಮಾಡಿ. ಸೋಫಾದ ಉದ್ದ ಅಗಲಕ್ಕೆ ಸರಿಯಾಗಿ ಹಳೆಯ ಪತ್ರಿಕೆಗಳನ್ನು ನೆಲಕ್ಕೆ ಹಾಸಿ ಎರಡು ದಿನ ಅದನ್ನು ತುಳಿಯದೆ ಸುತ್ತಿಕೊಂಡು ಓಡಾಡಿ. ನಡೆದಾಡುವ ದಾರಿಗೆ 75ರಿಂದ 90 ಸೆಂಟಿಮೀಟರ್ ಉಳಿಯದಿದ್ದರೆ ಆ ಸೋಫಾ ನಿಮ್ಮ ಮನೆಯದಲ್ಲ. ಬಿಡುವಾದಾಗ ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೂ ಒಮ್ಮೆ ಹೋಗಿಬನ್ನಿ. ನಾಡಿನ ಬೇರೆ ಬೇರೆ ಕಡೆಗಳಲ್ಲಿ ನೆಲಸಮವಾಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಲಾಗಿದೆ. ಜಗಲಿಯ ಎತ್ತರ, ಕಿಟಕಿಯ ತಗ್ಗು, ಬಾಗಿಲು ದಾಟಿದಾಗ ಕಡಿಮೆಯಾಗುವ ಸೆಕೆ, ಇವು ಫೋನಿನ ಪರದೆಯ ಮೇಲೆ ತಿಳಿಯುವಂಥವಲ್ಲ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಮನೆಯ ಮಾಲೀಕರು ಗೋಡೆಗೆ ಮೊಳೆ ಹೊಡೆಯಬಾರದು, ಬಣ್ಣ ಬದಲಿಸಬಾರದು ಎಂದಿದ್ದಾರೆ. ಬಿಳಿ ಗೋಡೆ, ಬಿಳಿ ಟ್ಯೂಬ್‌ಲೈಟ್. ಮನೆಗೆ ಬಂದರೆ ಆಸ್ಪತ್ರೆಗೆ ಬಂದಂತಾಗುತ್ತದೆ. ಹೆಚ್ಚು ಖರ್ಚು ಮಾಡುವ ಸ್ಥಿತಿಯಲ್ಲಿಲ್ಲ.
– ಯುವ ಓದುಗರು, ಹುಬ್ಬಳ್ಳಿ

ಉತ್ತರ: ಆಸ್ಪತ್ರೆಯ ಭಾವನೆಗೆ ಗೋಡೆಗಿಂತ ದೀಪವೇ ಹೆಚ್ಚಿನ ಕಾರಣ. ಬಲ್ಬಿನ ಪೆಟ್ಟಿಗೆಯ ಮೇಲೆ ಕೆಲ್ವಿನ್ ಎಂಬ ಅಳತೆಯಲ್ಲಿ ಬೆಳಕಿನ ಬಣ್ಣವನ್ನು ಸೂಚಿಸಿರುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರಾಟವಾಗುವ 6500 ಕೆಲ್ವಿನ್‌ನ ಬೆಳಕು ನೀಲಿ ಛಾಯೆಯ ಬಿಳುಪಾದರೆ, 2700ರಿಂದ 3000 ಕೆಲ್ವಿನ್‌ನದು ಹಳೆಯ ಬುರುಡೆ ಬಲ್ಬಿನ ಹಳದಿ. ಟ್ಯೂಬ್‌ಲೈಟನ್ನು ಓದು ಬರಹಕ್ಕೂ ಅಡುಗೆಗೂ ಉಳಿಸಿಕೊಂಡು, ಸಂಜೆಯ ಹೊತ್ತಿಗೆ ಮೂಲೆಯಲ್ಲೊಂದು, ಮಂಚದ ಬದಿಯಲ್ಲೊಂದು ಹಳದಿ ಬೆಳಕಿನ ದೀಪವನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಡಿ. ನೆರಳುಗಳು ಮೂಡಿದ ಕೂಡಲೇ ಅದೇ ಬಿಳಿ ಗೋಡೆ ಬೇರೆಯಾಗಿ ಕಾಣುತ್ತದೆ.

ನೀವಿರುವುದು ಹುಬ್ಬಳ್ಳಿಯಲ್ಲಿ, ಬಣ್ಣಕ್ಕಾಗಿ ಆನ್‌ಲೈನ್ ಅಂಗಡಿಗಳನ್ನು ಹುಡುಕಬೇಕಾದ ಊರಲ್ಲ ಅದು. ನಿಮ್ಮದೇ ಜಿಲ್ಲೆಯ ನವಲಗುಂದದಲ್ಲಿ ಮಹಿಳೆಯರು ಮನೆಯ ಮಗ್ಗಗಳಲ್ಲಿ ನೇಯುವ ಹತ್ತಿಯ ಜಮಖಾನೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ನವಿಲು, ಪಗಡೆಹಾಸುಗಳ ವಿನ್ಯಾಸದ ಒಂದೇ ಒಂದು ಜಮಖಾನೆಯನ್ನು ನೆಲಕ್ಕೆ ಹಾಸಿದರೆ ಗೋಡೆಯ ಬಿಳುಪು ಅದಕ್ಕೆ ಹಿನ್ನೆಲೆಯಾಗುತ್ತದೆ. ಕುಪ್ಪಸಕ್ಕೆಂದು ನೇಯುವ ಗುಳೇದಗುಡ್ಡದ ಖಣವನ್ನು ಈಚೆಗೆ ದಿಂಬಿನ ಚೀಲಗಳಿಗೂ ಮೇಜಿನ ಹಾಸಿಗೂ ಬಳಸುತ್ತಿದ್ದಾರೆ. ಎರಡು ಖಣಗಳಲ್ಲಿ ನಿಮ್ಮ ಕೆಲಸ ಮುಗಿಯುತ್ತದೆ. ಚೌಕಟ್ಟಿನ ಚಿತ್ರಗಳನ್ನು ನೇತುಹಾಕಲೇಬೇಕೆಂದಿಲ್ಲ, ತಗ್ಗಾದ ಕಪಾಟಿನ ಮೇಲೆ ಗೋಡೆಗೆ ಒರಗಿಸಿಡಬಹುದು. ಅಮ್ಮನ ಇಳಕಲ್ ಸೀರೆಯನ್ನು ಕತ್ತರಿಸಿ ಪರದೆ ಹೊಲಿಸುವ ಸಲಹೆ ಈಗ ಎಲ್ಲೆಡೆ ಕೇಳಿಬರುತ್ತಿದೆ. ಸೀರೆ ಜೀರ್ಣವಾಗಿದ್ದರೆ ಸರಿ. ಟೋಪ್ ತೆನಿ ಎಂಬ ವಿನ್ಯಾಸದ ಅದರ ಸೆರಗು ಗಟ್ಟಿಯಾಗಿರುವಾಗ ಕತ್ತರಿ ಹಾಕುವುದು ನನಗಂತೂ ಒಪ್ಪಿಗೆಯಲ್ಲ.

ಪ್ರಶ್ನೆ: ನಮ್ಮದು ಕುಂದಾಪುರದಲ್ಲಿ ಮುರಕಲ್ಲಿನ ಗೋಡೆಯ ಮನೆ. ಹಾಲ್‌ನ ಒಂದು ಗೋಡೆಗೆ ವಾಲ್‌ಪೇಪರ್, ಎದುರಿಗೆ ಚರ್ಮದ ಸೋಫಾ, ಗೋಡೆಗೆ ತಾಗಿದಂತೆ ಎಂಡಿಎಫ್‌ನ (ಮರದ ನಾರನ್ನು ಒತ್ತಿ ಮಾಡಿದ ಹಲಗೆಯ) ವಾರ್ಡ್‌ರೋಬ್ ಮಾಡಿಸುವ ಯೋಚನೆಯಿದೆ. ಮಗಳು ಬೆಂಗಳೂರಿನ ಗೆಳತಿಯ ಮನೆಯಲ್ಲಿ ನೋಡಿ ಇಷ್ಟಪಟ್ಟದ್ದು. ಮಳೆಗಾಲದಲ್ಲಿ ತೊಂದರೆಯಾದೀತೆ?
– ಗೃಹಿಣಿ, ಕುಂದಾಪುರ

ಉತ್ತರ: ಆಗುತ್ತದೆ, ಮೂರಕ್ಕೂ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು ಒಂದು ಸಾವಿರ ಮಿಲಿಮೀಟರ್ ಮಳೆಯಾದರೆ ನಿಮ್ಮ ಕರಾವಳಿಯಲ್ಲಿ ಮೂರು ಸಾವಿರವನ್ನೂ ಮೀರುತ್ತದೆ. ಗೆಳತಿಯ ಮನೆಯ ಒಳಾಂಗಣ ಬೇರೆಯೇ ಹವೆಗೆ ಹೊಂದುವಂಥದ್ದು. ಮುರಕಲ್ಲಿನ ಸಣ್ಣ ರಂಧ್ರಗಳು ನೀರನ್ನು ಹೀರಿಕೊಳ್ಳುತ್ತವೆ, ಆ ತೇವ ಮೆಲ್ಲಗೆ ಹೊರಬರಲು ಗೋಡೆಗೆ ಉಸಿರಾಟ ಬೇಕು. ವಾಲ್‌ಪೇಪರ್ ಅಂಟಿಸಿದರೆ ಆ ದಾರಿ ಮುಚ್ಚಿಹೋಗಿ ಹಿಂಬದಿಯಲ್ಲಿ ಬೂಷ್ಟು ಬೆಳೆಯುತ್ತದೆ. ಚರ್ಮಕ್ಕೂ ಅದೇ ಗತಿ. ಎಂಡಿಎಫ್ ತೇವ ತಗಲಿದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಕಪಾಟಿಗೆ ಐಎಸ್ 710 ಗುರುತಿರುವ ಮರೀನ್ ಪ್ಲೈವುಡ್ ಬಳಸಿ, ಅದನ್ನು ಗೋಡೆಯಿಂದ ಎರಡು ಮೂರು ಇಂಚು ಮುಂದಕ್ಕೆ ನಿಲ್ಲಿಸಿ, ಕೆಳಗೆ ಕಾಲುಗಳನ್ನು ಕೊಡಿಸಿ ಗಾಳಿ ಆಡುವಂತೆ ಮಾಡಿ. ಸೋಫಾಕ್ಕೆ ಮರದ ಚೌಕಟ್ಟು ಮತ್ತು ಬಿಚ್ಚಿ ಒಗೆಯಬಹುದಾದ ಹತ್ತಿಯ ಹೊದಿಕೆ ಸಾಕು.

ಮಗಳಿಗೆ ವಾಲ್‌ಪೇಪರಿನಲ್ಲಿ ಮೆಚ್ಚಿಗೆಯಾದದ್ದು ಬಹುಶಃ ವಿನ್ಯಾಸವಿರುವ ಒಂದು ಗೋಡೆ. ಅದಕ್ಕೆ ಕರಾವಳಿಯಲ್ಲೇ ಉತ್ತರವಿದೆ. ಕೊಂಕಣ ಕರಾವಳಿಯ ದೇವಸ್ಥಾನಗಳ ಮತ್ತು ಹಳೆಯ ಮನೆಗಳ ಗೋಡೆಗಳಲ್ಲಿ ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಮೂಡಿಸಿದ ಕಾವಿ ಚಿತ್ರಗಳನ್ನು ನೀವು ನೋಡಿರಬಹುದು. ಅವೇ ಎರಡು ಬಣ್ಣಗಳಲ್ಲಿ, ಸುಣ್ಣ ಬಳಿದ ಗೋಡೆಯ ಕೆಳಭಾಗಕ್ಕೆ ಒಂದು ಅಂಚನ್ನು ಬರೆಸಿ. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ, ಕ್ಷಾರಗುಣವಿರುವುದರಿಂದ ಬೂಷ್ಟಿಗೂ ಸುಲಭವಾಗಿ ಎಡೆಗೊಡುವುದಿಲ್ಲ. ಗೋಡೆಯಲ್ಲಿ ಈಗಾಗಲೇ ನೀರು ಜಿನುಗುತ್ತಿದ್ದರೆ ಮಾತ್ರ ಮೊದಲು ಮಾಡಿನ ಸೋರಿಕೆಯನ್ನು ಸರಿಪಡಿಸಿ.

ಪ್ರಶ್ನೆ: ಸಾಗರದ ಬಳಿ ಹೊಸ ಮನೆ ಕಟ್ಟಿಸುತ್ತಿದ್ದೇವೆ. ಹಳೆಯ ಮನೆಯಲ್ಲಿದ್ದಂಥ ಕೆಂಪು ನೆಲವೇ ಬೇಕೆಂದು ನನ್ನ ಆಸೆ. ಮೇಸ್ತ್ರಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿ, ಕೆಂಪು ನೆಲ ಬಿರುಕು ಬಿಡುತ್ತದೆ ಎನ್ನುತ್ತಾರೆ.
– ಓದುಗರು, ಸಾಗರ

ಉತ್ತರ: ಮೇಸ್ತ್ರಿ ಹೇಳುವುದು ಸುಳ್ಳಲ್ಲ. ರೆಡ್ ಆಕ್ಸೈಡ್ ನೆಲದ ಮೇಲ್ಪದರ ಸಿಮೆಂಟಿನದಾದ್ದರಿಂದ ಒಣಗುವಾಗ ಅದು ಕುಗ್ಗುತ್ತದೆ, ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಅದನ್ನು ಕಡಿಮೆ ಮಾಡಲು ದೊಡ್ಡ ನೆಲವನ್ನು ಗಾಜಿನ ಅಥವಾ ಹಿತ್ತಾಳೆಯ ಪಟ್ಟಿಗಳಿಂದ ಚೌಕಗಳಾಗಿ ವಿಭಜಿಸುತ್ತಾರೆ, ಹಾಕಿದ ಮೇಲೆ ಒಂದು ವಾರವಾದರೂ ನೀರು ನಿಲ್ಲಿಸಿ ಹದಗೊಳಿಸುತ್ತಾರೆ. ಉಳಿದದ್ದೆಲ್ಲ ಕರಣೆ ಹಿಡಿದವರ ಕೈಯಲ್ಲಿದೆ. ಆದ್ದರಿಂದ ನಿಮ್ಮ ಮೇಸ್ತ್ರಿಗೆ ಈ ಕೆಲಸದ ಅಭ್ಯಾಸ ಇಲ್ಲದಿದ್ದರೆ ಅವರನ್ನು ಒತ್ತಾಯಿಸಬೇಡಿ. ಮಾಡಿ ಅನುಭವವಿರುವವರನ್ನು ಹುಡುಕಿ, ಅವರು ಹಿಂದೆ ಮಾಡಿದ ಒಂದು ನೆಲವನ್ನು ಬರಿಗಾಲಿನಲ್ಲಿ ನಡೆದು ನೋಡಿ, ನಿಮ್ಮ ಮನೆಯ ಒಂದು ಸಣ್ಣ ಕೋಣೆಯಲ್ಲಿ ಮೊದಲು ಮಾಡಿಸಿ. ಹಳೆಯ ಮನೆಯ ನೆಲದ ಹೊಳಪು ವರ್ಷಗಟ್ಟಲೆ ಒರೆಸಿ, ನಡೆದು, ಆಗೀಗ ಎಣ್ಣೆ ಉಜ್ಜಿ ಬಂದದ್ದು. ಹೊಸ ನೆಲದಲ್ಲಿ ಅದನ್ನು ಗೃಹಪ್ರವೇಶದ ದಿನವೇ ನಿರೀಕ್ಷಿಸಬೇಡಿ. ಲಿಂಬೆರಸ, ಹುಣಸೆಹಣ್ಣಿನ ಹುಳಿ ಬಿದ್ದರೆ ಕಲೆ ಉಳಿಯುತ್ತದೆ, ಆಸಿಡ್ ಬಳಸಿ ತೊಳೆಯಲೇಬಾರದು.

ಕೆಲಸಗಾರರು ಸಿಗದಿದ್ದರೆ ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಆತ್ತಂಗುಡಿಯ ಹೆಂಚುಗಳನ್ನು ಪರಿಶೀಲಿಸಬಹುದು. ಗಾಜಿನ ಮೇಲೆ ಕೈಯಿಂದ ಬಣ್ಣದ ಸಿಮೆಂಟ್ ಸುರಿದು, ಬೆಂಕಿಯಲ್ಲಿ ಸುಡದೆ ನೀರಿನಲ್ಲಿ ಹದಗೊಳಿಸಿ ತಯಾರಿಸುವ ಅವುಗಳಲ್ಲಿ ಒಂದೇ ಬಣ್ಣದ ಕೆಂಪು ಹೆಂಚೂ ಸಿಗುತ್ತದೆ. ಪಾದಕ್ಕೆ ಸಿಗುವ ತಂಪು ನಿಮ್ಮ ಹಳೆಯ ನೆಲಕ್ಕೆ ಸಮೀಪ. ಅಡುಗೆಮನೆಗೂ ಬಚ್ಚಲಿಗೂ ಮಾತ್ರ ಮೇಸ್ತ್ರಿಯ ಮಾತನ್ನೇ ಕೇಳಿ.

ಪ್ರಶ್ನೆ: ಅತ್ತೆಯವರು ಕೊಟ್ಟ ಬಿದರಿಯ ಹೂಜಿ ಮತ್ತು ತಟ್ಟೆಗಳನ್ನು ಹೊಸ ಮನೆಯ ಹಾಲ್‌ನಲ್ಲಿಡಬೇಕೆಂದಿದ್ದೇನೆ. ಕಪ್ಪು ಮಸುಕಾಗಿದೆ. ಹಿತ್ತಾಳೆ ಸಾಮಾನಿನಂತೆ ಹುಣಸೆಹಣ್ಣು ಹಾಕಿ ತೊಳೆಯಬಹುದೆ?
– ಓದುಗರು, ಕಲಬುರಗಿ

ಉತ್ತರ: ಖಂಡಿತ ಬೇಡ. ಬಿದರಿ ಸಾಮಾನು ಸತು ಮತ್ತು ತಾಮ್ರದ ಮಿಶ್ರಲೋಹದ್ದು. ಅದರ ಕಪ್ಪು ಬೀದರ್ ಕೋಟೆಯ ಮಣ್ಣನ್ನು ಬಳಸಿ ಮೇಲ್ಮೈಗೆ ತಂದ ಬಣ್ಣ. ಹುಳಿಯಿಂದ ತಿಕ್ಕಿದರೆ ಅದರಲ್ಲಿ ಕೂರಿಸಿದ ಬೆಳ್ಳಿಯ ಜೊತೆಗೆ ಕಪ್ಪೂ ಉಜ್ಜಿಹೋಗಿ ಎರಡಕ್ಕೂ ವ್ಯತ್ಯಾಸವಿಲ್ಲದಂತಾಗುತ್ತದೆ. ಮೆತ್ತನೆಯ ಒಣಬಟ್ಟೆಯಲ್ಲಿ ಧೂಳು ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಿ, ಬೇರೊಂದು ಬಟ್ಟೆಯಿಂದ ಒರೆಸಿ ತೆಗೆಯಿರಿ. ಎಲ್ಲವನ್ನೂ ಒಂದೇ ಗಾಜಿನ ಕಪಾಟಿನಲ್ಲಿ ಗುಂಪಾಗಿ ಜೋಡಿಸುವುದಕ್ಕಿಂತ ಹೂಜಿಯೊಂದನ್ನೇ ತಿಳಿಬಣ್ಣದ ಗೋಡೆಯ ಮುಂದೆ, ಪಕ್ಕದಿಂದ ಹಳದಿ ಬೆಳಕು ಬೀಳುವಲ್ಲಿ ಇಡಿ. ಬೆಳ್ಳಿಯ ಎಳೆಗಳು ಆಗ ಎದ್ದು ಕಾಣುತ್ತವೆ. ತಟ್ಟೆಗಳನ್ನು ಸದ್ಯಕ್ಕೆ ಬಟ್ಟೆಯಲ್ಲಿ ಸುತ್ತಿಟ್ಟಿರಿ, ಮುಂದಿನ ಹಬ್ಬಕ್ಕೆ ಹೂಜಿಯನ್ನು ಒಳಗಿಟ್ಟು ಅವುಗಳಲ್ಲಿ ಒಂದನ್ನು ಹೊರತೆಗೆಯಬಹುದು.