ಕ್ಯಾಮೆರಾ ಆಮೇಲೆ, ಬೀಗ ಮೊದಲು

ಪ್ರಿಯ ಓದುಗರೆ,

ನಿಮ್ಮ ಪತ್ರ ಓದಿ ಕಳವಳವಾಯಿತು. ಊರಾಚೆಯ ನಿಮ್ಮ ಬಡಾವಣೆಯಲ್ಲಿ ಒಂದರ ಹಿಂದೆ ಒಂದು ಎರಡು ಕಾರು ರಾತ್ರೋರಾತ್ರಿ ಕಾಣೆಯಾಗಿವೆ. ಗಾಜು ಒಡೆದಿಲ್ಲ, ಅಲಾರಂ ಕೂಗಿಲ್ಲ. ಬೀದಿಗೆಲ್ಲ ಕ್ಯಾಮೆರಾ ಹಾಕಿಸೋಣ ಎಂದು ನೆರೆಹೊರೆಯವರು ಹೊರಟಿದ್ದಾರೆ. ವಾಟ್ಸಾಪ್ ಗುಂಪಿನಲ್ಲಿ ದಾರಿಹೋಕರ ಫೋಟೊ ಹರಿದಾಡುತ್ತಿವೆ. ‘ಇದರಿಂದ ಕಳ್ಳತನ ನಿಲ್ಲುತ್ತದಾ?’ ಎಂದು ಕೇಳಿದ್ದೀರಿ.

ನಿಲ್ಲುವುದು ಕಷ್ಟ. ಕ್ಯಾಮೆರಾ ಬೇಡ ಅನ್ನುತ್ತಿಲ್ಲ. ಆದರೆ ಮುಖ ಮುಚ್ಚಿಕೊಂಡು, ಸುಳ್ಳು ನಂಬರ್ ಪ್ಲೇಟಿನ ಗಾಡಿಯಲ್ಲಿ ಬಂದವನನ್ನು ಅದು ತಡೆಯುವುದಿಲ್ಲ. ಅವನು ಹೋದ ಮೇಲೆ ತೋರಿಸುತ್ತದೆ, ಅಷ್ಟೆ. ಕಳ್ಳನಿಗೆ ಬೇಕಿರುವುದು ಎರಡೇ: ಕೆಲಸ ಬೇಗ ಮುಗಿಯಬೇಕು, ಸದ್ದಾಗಬಾರದು. ಆ ಎರಡನ್ನೂ ಕೆಡಿಸುವ ಕಡೆ ಮೊದಲು ದುಡ್ಡು ಹಾಕಿ.

ಕಳುವಾದ ಎರಡೂ ಕಾರು ಬಟನ್ ಒತ್ತಿ ಸ್ಟಾರ್ಟ್ ಮಾಡುವಂಥವು ಎಂದು ಬರೆದಿದ್ದೀರಿ. ಇಂಥವನ್ನು ಕದಿಯುವ ಒಂದು ದಾರಿ ಹೀಗಿದೆ. ನಾವು ಮನೆಗೆ ಬಂದ ಕೂಡಲೇ ಕೀಯನ್ನು ಮುಂಬಾಗಿಲ ಪಕ್ಕದ ಮೊಳೆಗೆ ತಗುಲಿಹಾಕುತ್ತೇವೆ, ಅಲ್ವಾ? ರಾತ್ರಿ ಒಬ್ಬ ಆ ಬಾಗಿಲ ಹೊರಗೆ ಆಂಟೆನಾ ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬ ಕಾರಿನ ಪಕ್ಕ. ಕೀಯನ್ನು ಹುಡುಕಲು ಕಾರು ಕಳಿಸುವ ಸಣ್ಣ ಸಿಗ್ನಲನ್ನು ಅವರ ಉಪಕರಣ ಗೋಡೆಯಾಚೆಯ ಕೀಗೆ ಮುಟ್ಟಿಸುತ್ತದೆ. ಕೀ ಉತ್ತರ ಕೊಡುತ್ತದೆ. ಮಾಲೀಕರೇ ಬಂದರು ಎಂದುಕೊಂಡು ಕಾರು ಬಾಗಿಲು ತೆರೆಯುತ್ತದೆ, ಸ್ಟಾರ್ಟೂ ಆಗುತ್ತದೆ. ಆಮೇಲೆ ಕೀ ಎಷ್ಟು ದೂರವಾದರೂ ಇಂಜಿನ್ ನಿಲ್ಲುವುದಿಲ್ಲ. ನಡುರಸ್ತೆಯಲ್ಲಿ ಆಫ್ ಆದರೆ ಅಪಾಯ ಎಂದು ಹಾಗೆ ಮಾಡಿರುತ್ತಾರೆ. ಇದು ಹೊಸದೇನಲ್ಲ. 2011ರಲ್ಲೇ ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 8 ಕಂಪನಿಗಳ 10 ಮಾದರಿ ಕಾರುಗಳಲ್ಲಿ ಇದನ್ನು ಮಾಡಿ ತೋರಿಸಿದ್ದರು.

ಇದಕ್ಕೆ ಮದ್ದು ಸುಲಭ. ಸಿಗ್ನಲ್ ತಡೆಯುವ, ಒಳಗೆ ಲೋಹದ ಪದರವಿರುವ ಚೀಲ ಸಿಗುತ್ತದೆ. ಕೀಯನ್ನು ಅದರಲ್ಲಿ ಹಾಕಿ, ಕಾರಿನ ಹತ್ತಿರ ಹೋಗಿ ಹಿಡಿ ಎಳೆದು ನೋಡಿ. ಬಾಗಿಲು ತೆರೆದರೆ ಆ ಚೀಲ ಪ್ರಯೋಜನವಿಲ್ಲ. ಬಳಸಿ ಬಳಸಿ ಪದರ ಹರಿಯುತ್ತದೆ, ಹಾಗಾಗಿ ಆಗಾಗ ಹೀಗೆ ನೋಡುತ್ತಿರಬೇಕು. ಕೀ ಹತ್ತಿರವಿದ್ದರೆ ಸಾಕು, ಬಾಗಿಲು ತೆರೆಯುವ ಈ ಸೌಲಭ್ಯವನ್ನೇ ಕೆಲವು ಕಾರುಗಳಲ್ಲಿ ಆಫ್ ಮಾಡಬಹುದು, ಕೈಪಿಡಿ ತೆಗೆದು ನೋಡಿ.

ಆದರೆ ಚೀಲವೊಂದನ್ನೇ ನಂಬಿ ಕೂರಬೇಡಿ. ಹೆಡ್‌ಲೈಟಿನ ಹಿಂದಿನ ವೈರ್‌ಗೆ ಸಾಧನ ಸಿಕ್ಕಿಸಿ, ಕೀ ಇಲ್ಲದೆಯೇ ಕಾರನ್ನು ಏಮಾರಿಸುವವರೂ ಇದ್ದಾರೆ. ಸ್ಟೀರಿಂಗ್ ಕೆಳಗೆ ಮೆಕ್ಯಾನಿಕ್‌ಗಳು ಬಳಸುವ ಪೋರ್ಟಿನಿಂದ ಹೊಸ ಕೀ ಮಾಡಿಕೊಳ್ಳುವವರೂ ಇದ್ದಾರೆ. ಅದಕ್ಕೇ ನಾನು ಹಳೇ ಕಾಲದ ಸ್ಟೀರಿಂಗ್ ಲಾಕ್ ಪರ. ದಪ್ಪ ಕಬ್ಬಿಣದ್ದು, ಹೊರಗಿನಿಂದಲೇ ಕಾಣುವಂಥದ್ದು. ಅದನ್ನು ಕತ್ತರಿಸಲು ಹೊತ್ತು ಬೇಕು, ಸದ್ದೂ ಆಗುತ್ತದೆ. ಅಮೆರಿಕದಲ್ಲಿ ಇಮ್ಮೊಬಿಲೈಸರ್ (ಸರಿಯಾದ ಕೀ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಸಾಧನ) ಇಲ್ಲದ ಕಿಯಾ, ಹ್ಯುಂಡೈ ಕಾರುಗಳನ್ನು ಹುಡುಗರು ಯುಎಸ್‌ಬಿ ಕೇಬಲಿನ ತುದಿಯಿಂದ ಸ್ಟಾರ್ಟ್ ಮಾಡಿ ಒಯ್ಯತೊಡಗಿದಾಗ, ಕಂಪನಿಗಳು 2023ರಲ್ಲಿ ಸಾಫ್ಟ್‌ವೇರ್ ಬದಲಿಸಿಕೊಟ್ಟವು. ಜೊತೆಗೆ ಪೊಲೀಸರ ಮೂಲಕ ಹಂಚಿದ್ದು ಇದೇ ಸ್ಟೀರಿಂಗ್ ಲಾಕ್!

ಇನ್ನು ಆ ಫೋಟೊಗಳ ವಿಷಯ. ದಯವಿಟ್ಟು ನಿಲ್ಲಿಸಿ. ಸಾಮಾನು ತಲುಪಿಸಲು ಬಂದವರು, ವಿಳಾಸ ಹುಡುಕುತ್ತಿರುವವರು, ಸುಮ್ನೆ ನಡೆದು ಹೋಗುವವರು ಒಂದು ಫೋಟೊದಿಂದ ಕಳ್ಳರಾಗಿಬಿಡುತ್ತಾರೆ. ಅದನ್ನು ಕಂಡ ಯಾರೋ ಕೈಮಾಡಿದರೆ ಹೊಣೆ ಯಾರದು? ಆಳು ಹೇಗಿದ್ದಾನೆ ಎಂದಲ್ಲ, ಏನು ಮಾಡುತ್ತಿದ್ದಾನೆ ಎಂದು ನೋಡಿ. ಸಾಲಾಗಿ ನಿಂತ ಕಾರುಗಳ ಹಿಡಿ ಎಳೆಯುತ್ತಾ ಹೋಗುವುದು, ನಡುರಾತ್ರಿ ಇಂಜಿನ್ ಆಫ್ ಮಾಡದೆ ಬೀದಿ ಕೊನೆಯಲ್ಲಿ ಕಾಯುವುದು, ಇವು ಪೊಲೀಸರಿಗೆ ಹೇಳಬೇಕಾದ ಸಂಗತಿ. ಗುಂಪಿಗಲ್ಲ. ಗುಂಪಿನಲ್ಲಿ ಬೇರೆ ಕೆಲಸ ಮಾಡಿ: ಕೆಟ್ಟ ಬೀದಿದೀಪದ ಬಗ್ಗೆ ಎಲ್ಲರೂ ಸೇರಿ ದೂರು ಕೊಡಿ, ‘ನಿಮ್ಮ ಕಾರಿನ ಕಿಟಕಿ ತೆರೆದಿದೆ’ ಎಂದು ಪಕ್ಕದ ಮನೆಯವರಿಗೆ ತಿಳಿಸಿ.

ಟ್ರ್ಯಾಕರ್ ಹಾಕಿಸಬೇಕಾ ಎಂದೂ ಕೇಳಿದ್ದೀರಿ. ಹಾಕಿಸಿ. ಆದರೆ ಕಾರು ಎಲ್ಲಿದೆ ಎಂದು ಗೊತ್ತಾದರೂ ನೀವೇ ಬೆನ್ನಟ್ಟಿ ಹೋಗಬೇಡಿ, ಆ ಮಾಹಿತಿಯನ್ನು ಪೊಲೀಸರಿಗೆ ಕೊಡಿ. ಕಾರಿಗಿಂತ ನೀವು ಮುಖ್ಯ. ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಪರಿಹಾರ ಕೇಳುವಾಗ ವಿಮೆಯವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ. ನಿಮ್ಮ ಎರಡನೇ ಕೀ ಕಾರಿನೊಳಗೇ ಬಿದ್ದಿದ್ದರೆ ಇವತ್ತೇ ತೆಗೆದು ಮನೆಯೊಳಗಿಡಿ.

– ಸಂಪಾದಕ