ಟ್ರ್ಯಾಕ್ ಡೇಗೆ ಹಳೆಯ ಹ್ಯಾಚ್‌ಬ್ಯಾಕ್ ತಯಾರು ಮಾಡುವಾಗ ಮೊದಲು ಏನು ಮಾಡಿಸಬೇಕು?

ನಿಮ್ಮ ಹತ್ತಿರ ಹತ್ತು ವರ್ಷ ಹಳೆಯ, ಮ್ಯಾನುಯಲ್ ಗೇರಿನ ಹ್ಯಾಚ್‌ಬ್ಯಾಕ್ ಇದೆ. ವರ್ಷಕ್ಕೆ ನಾಲ್ಕೈದು ಟ್ರ್ಯಾಕ್ ಡೇಗೆ, ಅಂದರೆ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನಗಳಿಗೆ, ಹೋಗುವ ಆಸೆ ಇದೆ. ಮೊದಲು ಎಕ್ಸಾಸ್ಟ್ ಬದಲಾಯಿಸಿ ಇಸಿಯು ರೀಮ್ಯಾಪ್ (ಪವರ್ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸು ಅಂತ ಗೆಳೆಯರು ಹೇಳುತ್ತಿದ್ದಾರೆ, ಅದು ಸರಿಯಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಸರಿಯಲ್ಲ. ಎಂಟು ವರ್ಷದಿಂದ ನಾನೂ ಇಂಥದೇ ಒಂದು ಸಾಧಾರಣ ಕಾರನ್ನು ಟ್ರ್ಯಾಕಿಗೆ ಒಯ್ಯುತ್ತಿದ್ದೇನೆ. ರಿಪೇರಿ ಕೆಲಸ ಬಹುಪಾಲು ನಾನೇ ಮಾಡುತ್ತೇನೆ. ಅದನ್ನೆಲ್ಲ ಇಟ್ಟುಕೊಂಡು ಹೇಳುವುದಾದರೆ, ಮೊದಲ ವರ್ಷ ಪವರ್ ಕಡೆ ನೋಡಲೇಬೇಡಿ. ಕಾವು ತಡೆದುಕೊಳ್ಳುವ ಕಾರು ಮಾಡಿಕೊಳ್ಳಿ.

ರಸ್ತೆಯಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿದರೆ, ಆಮೇಲೆ ಐದು ನಿಮಿಷ ಡಿಸ್ಕ್ ತಣ್ಣಗಾಗುತ್ತಾ ಇರುತ್ತದೆ. ಟ್ರ್ಯಾಕಿನಲ್ಲಿ ಆ ಬಿಡುವೇ ಇಲ್ಲ. ಮುಂದಿನ ತಿರುವು ಹತ್ತು ಹದಿನೈದು ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಒಂದು ಲೆಕ್ಕ ನೋಡಿ. 1000 ಕೆ.ಜಿ. ತೂಕದ ಕಾರನ್ನು ಗಂಟೆಗೆ 150 ಕಿ.ಮೀ.ನಿಂದ 60ಕ್ಕೆ ಇಳಿಸಿದರೆ ಸುಮಾರು 7.3 ಲಕ್ಷ ಜೂಲ್ ಶಕ್ತಿ ಎಲ್ಲಿಗಾದರೂ ಹೋಗಬೇಕು ಅಲ್ವಾ? ಬಹುಪಾಲು ಹೋಗುವುದು ಬ್ರೇಕಿಗೇ, ಕಾವಾಗಿ. ಎರಡು ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಹೆಚ್ಚುಕಡಿಮೆ ಇಷ್ಟೇ ಬೇಕು. ಅದೆಲ್ಲ ಮೂರೇ ಸೆಕೆಂಡಿನಲ್ಲಿ, ಒಂದೊಂದು ಸುತ್ತಿನಲ್ಲೂ ಐದಾರು ಸಲ, ಇಪ್ಪತ್ತು ನಿಮಿಷ ಬಿಡದೆ. ವೇಗ 100ರಿಂದ 150ಕ್ಕೆ ಏರಿದರೆ ಶಕ್ತಿ ಒಂದೂವರೆ ಪಟ್ಟು ಆಗುವುದಿಲ್ಲ, ಎರಡೂಕಾಲು ಪಟ್ಟು ಆಗುತ್ತದೆ. ರೀಮ್ಯಾಪ್ ಮಾಡಿಸಿದರೆ ನೇರ ದಾರಿಯ ಕೊನೆಯಲ್ಲಿ ವೇಗ ಇನ್ನೂ ಏರುತ್ತದೆ. ತಡೆಯಬೇಕಾದ್ದು ಮಾತ್ರ ಅದೇ ಹಳೆಯ ಬ್ರೇಕು.

ನನ್ನ ಎರಡನೇ ಟ್ರ್ಯಾಕ್ ಡೇಯಲ್ಲಿ ಆದದ್ದು ಹೇಳುತ್ತೇನೆ. ಐದನೇ ಸುತ್ತು. ನೇರ ದಾರಿಯ ಕೊನೆಗೆ ಬಂದು ಬ್ರೇಕ್ ಒತ್ತಿದೆ. ಹಿಂದಿನ ಸುತ್ತಿನವರೆಗೂ ಗಟ್ಟಿಯಾಗಿದ್ದ ಪೆಡಲ್ ಈ ಸಲ ಹತ್ತಿಯ ಮೇಲೆ ಕಾಲಿಟ್ಟ ಹಾಗೆ ಒಳಗೆ ಹೋಯಿತು. ಕಾಲು ನೆಲ ಮುಟ್ಟಿತು, ಕಾರು ನಿಲ್ಲಲಿಲ್ಲ. ಎದೆ ಝಲ್ ಅಂದಿತು. ಕಾಲು ಎತ್ತಿ ಎರಡು ಮೂರು ಸಲ ಪಟಪಟ ಒತ್ತಿದಾಗ ಸ್ವಲ್ಪ ಒತ್ತಡ ಸಿಕ್ಕಿತು. ಗೇರ್ ಇಳಿಸಿದೆ, ತಿರುವಿನ ಹೊರಗಿನ ಜಲ್ಲಿಯಲ್ಲಿ ಹೋಗಿ ನಿಂತೆ. ಯಾರಿಗೂ ಏನೂ ಆಗಲಿಲ್ಲ. ಸಂಜೆ ಬ್ಲೀಡ್ ಮಾಡಲು, ಅಂದರೆ ಹಳೆಯ ಆಯಿಲ್, ಗಾಳಿ ಹೊರಗೆ ತೆಗೆಯಲು, ಬ್ರೇಕಿನ ನಿಪ್ಪಲ್ ಸಡಿಲಿಸಿದರೆ ಬಂದದ್ದು ಕಪ್ಪು ಚಹಾದ ಬಣ್ಣದ ಬ್ರೇಕ್ ಆಯಿಲ್, ಜೊತೆಗೆ ಗುಳ್ಳೆಗಳು. ಮೂರು ವರ್ಷದಿಂದ ಅದನ್ನು ಬದಲಾಯಿಸಿಯೇ ಇರಲಿಲ್ಲ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ ಇದೆ. ನೀರು ಹೀರಿಕೊಂಡ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140. ಕುದಿದರೆ ಆವಿಯ ಗುಳ್ಳೆ ಬರುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ಅದಕ್ಕೇ ಪೆಡಲ್ ನೆಲ ಮುಟ್ಟುವುದು. ಹಾಗಾಗಿ ಮೊದಲ ಟ್ರ್ಯಾಕ್ ಡೇಗೆ ಮುಂಚೆ ಒಳ್ಳೆಯ ಡಾಟ್ 4 ಅಥವಾ 5.1 ಹಾಕಿ ನಾಲ್ಕೂ ಚಕ್ರ ಬ್ಲೀಡ್ ಮಾಡಿ. ಬರೀ ಡಾಟ್ 5 ಅಂತ ಬರೆದದ್ದು ಸಿಲಿಕೋನಿನದು, ಅದು ನಿಮ್ಮ ಕಾರಿಗೆ ಬೇಡ. ರೇಸಿಗೆ ಅಂತಲೇ ಮಾಡುವ ಆಯಿಲ್‌ಗಳು 300 ಡಿಗ್ರಿ ದಾಟುತ್ತವೆ. ಆದರೆ ಅವನ್ನು ಜಾಸ್ತಿ ಸಲ ಬದಲಾಯಿಸಬೇಕಾಗುತ್ತದೆ. ವರ್ಷಕ್ಕೆ ನಾಲ್ಕೈದು ಸಲ ಹೋಗುವವರಿಗೆ ಒಳ್ಳೆಯ ಡಾಟ್ 4 ಸಾಕು, ಆದರೆ ತಾಜಾ ಇರಬೇಕು.

ಬ್ಲೀಡ್ ಮಾಡುವುದನ್ನು ನೀವೇ ಕಲಿಯಿರಿ. ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯುವುದು, ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ಸಡಿಲಿಸಿ, ಆಯಿಲ್ ಬಂದ ಮೇಲೆ ಬಿಗಿ ಮಾಡುವುದು. ಬಿಗಿ ಆಯಿತು ಅಂತ ಹೇಳುವ ತನಕ ಪೆಡಲ್ ಮೇಲಿನ ಕಾಲು ಎತ್ತಬಾರದು, ಎತ್ತಿದರೆ ಗಾಳಿ ಒಳಗೆ ಹೋಗುತ್ತದೆ. ಡಬ್ಬಿಯಲ್ಲಿ ಆಯಿಲ್ ಖಾಲಿಯಾಗಲು ಬಿಡಬಾರದು. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ತಿಂದುಬಿಡುತ್ತದೆ. ಎರಡನೇ ಸಲ ಮಾಡುವಷ್ಟರಲ್ಲಿ ಕೈ ಪಳಗಿರುತ್ತದೆ.

ಆಮೇಲೆ ಪ್ಯಾಡ್, ಅಂದರೆ ಡಿಸ್ಕನ್ನು ಒತ್ತಿ ಹಿಡಿಯುವ ತುಂಡು. ಕಂಪನಿ ಪ್ಯಾಡ್ ರಸ್ತೆಗೆ ತುಂಬಾ ಚೆನ್ನಾಗಿರುತ್ತದೆ. ಮಿತಿ ಮೀರಿ ಕಾದರೆ ಹಿಡಿತ ಬಿಡುತ್ತದೆ. ಆಯಿಲ್ ಕುದಿಯುವುದಕ್ಕೂ ಪ್ಯಾಡ್ ಸೋಲುವುದಕ್ಕೂ ಇರುವ ವ್ಯತ್ಯಾಸವನ್ನು ಕಾಲಿಗೆ ಕಲಿಸಿಕೊಳ್ಳಿ. ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಆಯಿಲ್. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಪ್ಯಾಡ್. ಎರಡರಲ್ಲಿ ಯಾವುದು ಕಂಡರೂ ಆ ಸುತ್ತಿಗೇ ಸಾಕು ಮಾಡಿ ಒಳಗೆ ಬನ್ನಿ. ಟ್ರ್ಯಾಕಿಗೆ ಬೇಕಾದ ಪ್ಯಾಡ್ ಹಾಕಿಸಿದರೆ ರಸ್ತೆಯಲ್ಲಿ ಕಿರುಗುಟ್ಟುತ್ತದೆ, ಧೂಳು ಬರುತ್ತದೆ, ಬೆಳಿಗ್ಗೆ ತಣ್ಣಗಿರುವಾಗ ಹಿಡಿತ ಕಡಿಮೆ. ಅದನ್ನು ಒಪ್ಪಿಕೊಳ್ಳಬೇಕು. ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಈಗಲೇ ಬೇಡ.

ಪ್ರತಿ ಸೆಷನ್ನಿನ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನವಾಗಿ ಓಡಿಸಿ. ಒಳಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಡಿಸ್ಕಿಗೆ ಪ್ಯಾಡ್ ಒಂದೇ ಕಡೆ ಅಂಟಿಕೊಂಡು ಕೂತರೆ ಆಮೇಲೆ ಪೆಡಲ್ ನಡುಗಲು ಶುರುವಾಗುತ್ತದೆ. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಒಂದು ಮರದ ತುಂಡು ಕೊಡಿ.

ಟೈರಿಗೂ ಇದೇ ಮಾತು. ಕಾದಂತೆ ಒಳಗಿನ ಗಾಳಿಯ ಒತ್ತಡ ಏರುತ್ತದೆ, 4ರಿಂದ 8 ಪಿಎಸ್‌ಐ ಏರುವುದು ಮಾಮೂಲು. ಬೆಳಿಗ್ಗೆ ರಸ್ತೆಯ ಅಳತೆಗೆ ಹಾಕಿದ ಗಾಳಿ ಮೂರನೇ ಸುತ್ತಿಗೆ ಜಾಸ್ತಿಯಾಗಿ, ಟೈರು ಉಬ್ಬಿ, ನಡುಭಾಗ ಮಾತ್ರ ನೆಲ ಹಿಡಿಯುತ್ತದೆ. ಆದ್ದರಿಂದ ನೋಡಬೇಕಾದ್ದು ಬಿಸಿ ಅಳತೆ. ಒಳಗೆ ಬಂದ ಕೂಡಲೇ, ಹೆಲ್ಮೆಟ್ ಪಕ್ಕಕ್ಕಿಟ್ಟು ಮೊದಲು ಗೇಜ್ ಹಿಡಿಯಿರಿ. ನಾಲ್ಕನ್ನೂ ಬೇರೆ ಬೇರೆ ಬರೆದುಕೊಳ್ಳಿ. ಬಲ ತಿರುವು ಜಾಸ್ತಿ ಇರುವ ಟ್ರ್ಯಾಕಿನಲ್ಲಿ ಎಡಗಡೆಯ ಟೈರುಗಳು ಹೆಚ್ಚು ಕಾಯುತ್ತವೆ. ಎಷ್ಟು ಇಡಬೇಕು ಅಂತ ತಿಳಿಯಲು ಹಳೆಯ ಉಪಾಯ ಒಂದಿದೆ. ಟೈರಿನ ನೆಲ ಹಿಡಿಯುವ ಭಾಗದ ಅಂಚಿನಿಂದ ಟೈರಿನದೇ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಮೂರು ನಾಲ್ಕು ಸುತ್ತು ಆದ ಮೇಲೆ ಗೆರೆ ಎಲ್ಲಿಯವರೆಗೆ ಅಳಿಸಿದೆ ನೋಡಿ. ಪಕ್ಕದ ಗೋಡೆಯ ಮೇಲೂ ಅಳಿಸಿದ್ದರೆ ಟೈರು ಮಡಚಿಕೊಳ್ಳುತ್ತಿದೆ, ಗಾಳಿ ಸಾಲದು. ಅಂಚಿನ ತನಕವೂ ಬಂದಿಲ್ಲದಿದ್ದರೆ ಗಾಳಿ ಜಾಸ್ತಿ.

ಹ್ಯಾಚ್‌ಬ್ಯಾಕಿನಲ್ಲಿ ಮುಂದಿನ ಟೈರಿನ ಹೊರ ಅಂಚು ಬೇಗ ಸವೆಯುತ್ತದೆ. ಇಂಥ ಕಾರುಗಳ ಮುಂದಿನ ಸಸ್ಪೆನ್ಶನ್, ತಿರುವಿನಲ್ಲಿ ಕಾರು ವಾಲಿದಾಗ ಟೈರನ್ನು ನೇರ ನಿಲ್ಲಿಸಲಾರದು. ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ, ಹೊಂದಿಸುವ ಬೋಲ್ಟ್ ಅಥವಾ ಪ್ಲೇಟ್ ಹಾಕಿ ಮೈನಸ್ 2ರಿಂದ 3 ಡಿಗ್ರಿ (ಚಕ್ರದ ಮೇಲ್ಭಾಗ ಒಳಕ್ಕೆ ವಾಲುವಂತೆ) ಮಾಡಿಸಿದರೆ ಟೈರು ಸಮವಾಗಿ ಸವೆಯುತ್ತದೆ, ಕಾರೂ ಚೆನ್ನಾಗಿ ತಿರುಗುತ್ತದೆ. ನನ್ನ ಕಾರಿನಲ್ಲಿ ಇದೊಂದು ಬದಲಾವಣೆ ಕೊಟ್ಟಷ್ಟು ಸಂತೋಷ ಬೇರೆ ಯಾವುದೂ ಕೊಟ್ಟಿಲ್ಲ.

ಇನ್ನು ಎಂಜಿನ್ ಆಯಿಲ್. ಉದ್ದನೆಯ ತಿರುವಿನಲ್ಲಿ ಪಕ್ಕಕ್ಕೆ 1 ಜಿ ಬಲ (ಕಾರಿನ ತೂಕದಷ್ಟೇ ಬಲ) ಬಿದ್ದರೆ ಎಂಜಿನ್ ಕೆಳಗಿನ ಆಯಿಲ್ ಪ್ಯಾನಿನೊಳಗೆ ಎಣ್ಣೆ 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಎಣ್ಣೆ ಹೀರುವ ಕೊಳವೆಯ ಬಾಯಿ ಗಾಳಿ ಹೀರಿದರೆ, ಬೇರಿಂಗಿಗೆ ಎಣ್ಣೆ ಇಲ್ಲದೆ ಒಂದೆರಡು ಸೆಕೆಂಡಿನಲ್ಲೇ ಎಂಜಿನ್ ಹಾಳಾಗಬಹುದು. ರಸ್ತೆ ಟೈರಿನಲ್ಲಿ ಹೆಚ್ಚಿನ ಕಾರುಗಳು ಆ 1 ಜಿ ಅಂಚಿಗೆ ಹತ್ತಿರ ಹೋಗುತ್ತವೆ. ಆದ್ದರಿಂದ ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನ ತನಕ ತುಂಬಿಸಿ. ಪ್ರತಿ ಸೆಷನ್ ಆದ ಮೇಲೆ ನೋಡಿ. ತಿರುವಿನ ಮಧ್ಯೆ ಆಯಿಲ್ ದೀಪ ಒಂದು ಕ್ಷಣ ಮಿನುಗಿದರೂ ಅವತ್ತಿನ ಓಟ ಮುಗಿಯಿತು ಅಂತ ತಿಳಿಯಿರಿ. ಜಾಸ್ತಿ ಹಿಡಿತದ ಟೈರು ಹಾಕುವ ದಿನ ಬಂದರೆ ಆಯಿಲ್ ಪ್ಯಾನಿನಲ್ಲಿ ತಡೆಗೋಡೆ ಹಾಕಿಸಿ. ಕೂಲೆಂಟ್ ಹಳೆಯದಾಗಿದ್ದರೆ ಬದಲಾಯಿಸಿ, ಹೋಸ್ ಪೈಪುಗಳನ್ನು ಕೈಯಲ್ಲಿ ಹಿಚುಕಿ ನೋಡಿ. ಬಿರುಕು ಕಂಡದ್ದು, ಮೆತ್ತಗಾದದ್ದು ತೆಗೆದುಬಿಡಿ.

ತೂಕ ಇಳಿಸಲು ಖರ್ಚಿಲ್ಲ. ಸ್ಟೆಪ್ನಿ, ಜಾಕಿ, ಹಿಂದಿನ ಸೀಟು ಹೊರಗೆ ಇಡಿ. ಡ್ರೈವರ್ ಕಡೆಯ ಮ್ಯಾಟ್ ಖಂಡಿತ ತೆಗೆಯಿರಿ, ಜಾರಿ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ರೋಲ್ ಕೇಜ್, ಅಂದರೆ ಕಾರು ಮಗುಚಿದರೆ ಕಾಪಾಡಲು ಒಳಗೆ ಹಾಕಿಸುವ ಕಬ್ಬಿಣದ ಕೊಳವೆಗಳ ಚೌಕಟ್ಟು, ಅದರ ಬಗ್ಗೆ ಒಂದು ಮಾತು. ಅದೇ ಕಾರನ್ನು ದಿನವೂ ರಸ್ತೆಯಲ್ಲಿ ಓಡಿಸುತ್ತೀರಾದರೆ ಬೇಡ. ಹೆಲ್ಮೆಟ್ ಇಲ್ಲದ ತಲೆ ಸಣ್ಣ ಅಪಘಾತದಲ್ಲೂ ಆ ಕಬ್ಬಿಣಕ್ಕೆ ಬಡಿಯುತ್ತದೆ. ಕೇಜ್ ಇಲ್ಲದೆ ಬರೀ ಹಾರ್ನೆಸ್ ಬೆಲ್ಟ್ (ಎರಡೂ ಭುಜ ಕಟ್ಟುವ ರೇಸ್ ಬೆಲ್ಟ್) ಹಾಕುವುದೂ ಬೇಡ. ಕಾರು ಮಗುಚಿದರೆ ಛಾವಣಿ ಕುಸಿಯುವಾಗ ನೀವು ಬಾಗಲೂ ಆಗದಂತೆ ನೆಟ್ಟಗೆ ಕಟ್ಟಿ ಹಾಕಿರುತ್ತದೆ. ಕಂಪನಿ ಕೊಟ್ಟ ಬೆಲ್ಟ್, ಏರ್‌ಬ್ಯಾಗ್ ಒಟ್ಟಿಗೆ ಕೆಲಸ ಮಾಡುವಂತೆ ಮಾಡಿದ್ದು, ಅದನ್ನೇ ಇಟ್ಟುಕೊಳ್ಳಿ. ಹೆಲ್ಮೆಟ್ ಕೊಳ್ಳುವಾಗ ಸ್ನೆಲ್ ಅನ್ನುವ ಹೆಲ್ಮೆಟ್ ಪರೀಕ್ಷಾ ಸಂಸ್ಥೆಯ ಗುರುತಿನಲ್ಲಿ ಎಸ್‌ಎ ಇರುವುದನ್ನು ಕೊಳ್ಳಿ. ಎಂ ಅಂತ ಇರುವುದು ಬೈಕಿನದು, ಅದಕ್ಕೆ ಬೆಂಕಿ ತಡೆಯುವ ಪರೀಕ್ಷೆ ಮಾಡಿರುವುದಿಲ್ಲ.

ನಿರ್ವಹಣೆ ಅಂದರೆ ಹೆಚ್ಚಿನ ಪಾಲು ಕೈಯಿಂದ ಮುಟ್ಟಿ ನೋಡುವುದು. ನನ್ನ ಡಿಕ್ಕಿಯಲ್ಲಿ ಯಾವಾಗಲೂ ಟಾರ್ಕ್ ರೆಂಚ್, ಅಂದರೆ ಬೇಕಾದಷ್ಟು ಬಿಗಿಯಾದ ಕೂಡಲೇ ಟಿಕ್ ಅನ್ನುವ ಸ್ಪ್ಯಾನರ್, ಇರುತ್ತದೆ. ಬೆಳಿಗ್ಗೆ ಸರಿಯಾದ ಅಳತೆಗೆ ಬಿಗಿ ಮಾಡಿದ ವೀಲ್ ನಟ್, ಮೊದಲ ಸೆಷನ್ ಮುಗಿದು ಚಕ್ರ ತಣಿದ ಮೇಲೆ ನೋಡಿದರೆ ಕೆಲವು ಸಲ ಕಾಲು ಸುತ್ತು ತಿರುಗಿ ಆಮೇಲೆ ಟಿಕ್ ಅನ್ನುತ್ತದೆ. ಮೊದಲ ಸಲ ಅದನ್ನು ಕಂಡಾಗ ಮೈ ಬೆವರಿತ್ತು. ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ಇರುತ್ತದೆ, ನಿಮ್ಮ ಕಾರಿನ ಪುಸ್ತಕದಲ್ಲಿ ಬರೆದದ್ದೇ ಸರಿ. ಸುಮ್ನೆ ಕಾಲಲ್ಲಿ ತುಳಿದು ಜಾಸ್ತಿ ಬಿಗಿ ಮಾಡಬೇಡಿ, ಬೋಲ್ಟ್ ಎಳೆದುಕೊಂಡು ದಣಿಯುತ್ತದೆ.

ಒಂದು ನೋಟ್‌ಬುಕ್ ಇಡಿ. ಪ್ಯಾಡಿನ ದಪ್ಪ, ಟೈರಿನ ಬಿಸಿ ಗಾಳಿ, ಎಷ್ಟು ಎಣ್ಣೆ ಸೇರಿಸಿದಿರಿ, ಅಷ್ಟು ಬರೆದರೆ ಸಾಕು. ಮನೆಗೆ ಬಂದ ಮಾರನೆಯ ದಿನ ಕಾರು ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಕಳೆದ ವರ್ಷ ನನ್ನ ಬಲ ಮುಂದಿನ ಬೇರಿಂಗ್ ಹೀಗೆಯೇ ಸಿಕ್ಕಿತು. ಓಡಿಸುವಾಗ ಇನ್ನೂ ಸದ್ದೇ ಬಂದಿರಲಿಲ್ಲ. ಆದರೆ ಆ ಮೂಲೆಯ ಪ್ಯಾಡ್ ಮಾತ್ರ ಓರೆಯಾಗಿ ಸವೆಯುತ್ತಿದೆ ಅಂತ ಎರಡು ಸಲ ನಾನೇ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಅದಕ್ಕೇ ಆ ಚಕ್ರವನ್ನು ಬೇರೆಯವಕ್ಕಿಂತ ಗಮನ ಕೊಟ್ಟು ನೋಡಿದ್ದು.

ವಿಮೆಯ ಕಾಗದವನ್ನೂ ಒಮ್ಮೆ ಓದಿ, ಬಹಳಷ್ಟು ಪಾಲಿಸಿಗಳು ಟ್ರ್ಯಾಕಿನಲ್ಲಿ ಆದ ಹಾನಿಗೆ ಕೊಡುವುದಿಲ್ಲ. ಉಳಿದ ದುಡ್ಡಿನಲ್ಲಿ ಮೊದಲ ಎರಡು ದಿನ ಪಕ್ಕದಲ್ಲಿ ಕೂತು ಕಲಿಸುವವರನ್ನು ಇಟ್ಟುಕೊಳ್ಳಿ.

ರೀಮ್ಯಾಪ್ ಬಗ್ಗೆ ಕೊನೆಗೆ ಹೇಳಿಬಿಡುತ್ತೇನೆ. ನಿಮ್ಮದು ಟರ್ಬೊ ಇಲ್ಲದ ಎಂಜಿನ್ ಆದರೆ ಸಿಗುವ ಲಾಭ ತುಂಬಾ ಕಡಿಮೆ, ಆ ದುಡ್ಡಿಗೆ ಒಂದು ಸೆಟ್ ಪ್ಯಾಡ್ ಕೊಳ್ಳಿ. ಟರ್ಬೊ ಇದ್ದರೆ ಲಾಭ ಚೆನ್ನಾಗಿಯೇ ಇದೆ, ಕಾವೂ ಅಷ್ಟೇ ಏರುತ್ತದೆ. ಈಗಿರುವ ಪವರಿನಲ್ಲೇ ಬೇಸಿಗೆಯ ಮಧ್ಯಾಹ್ನ ಇಪ್ಪತ್ತು ನಿಮಿಷ ಓಡಿಸಿ ನೋಡಿ. ಪೆಡಲ್ ಬದಲಾಗದೆ, ಎಂಜಿನ್ ನೀರಿನ ಕಾವು ತೋರಿಸುವ ಮುಳ್ಳು ಮೇಲೇರದೆ ಇದ್ದರೆ ಆಗ ಮಾಡಿಸಿ, ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಜೊತೆಗೆ.