ಕೆರೆಯ ಈಜುಗಾರ ಕಡಲಲ್ಲಿ ಸೋತದ್ದೇಕೆ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ ರೈಟರ್ ಆಗಿದ್ದೇನೆ, ವಯಸ್ಸು 34. ಚಿಕ್ಕಂದಿನಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಊರ ಕೆರೆಯಲ್ಲಿ ಈಜು ಕಲಿತವನು. ಈಗಲೂ ಒಂದೇ ಉಸಿರಿಗೆ ಮುಳುಗಿ ತಳದ ಮಣ್ಣು ತರಬಲ್ಲೆ. ಕಳೆದ ಮಾರ್ಚ್‌ನಲ್ಲಿ ರೊಬಸ್ಟಾ ಕೊಯ್ಲು ಮುಗಿಸಿ ಗೆಳೆಯರೊಂದಿಗೆ ಮುರುಡೇಶ್ವರಕ್ಕೆ ಹೋಗಿ, ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್‌ಗೆ ಇಳಿದೆ. ರಾತ್ರಿಯೆಲ್ಲ ಪ್ರಯಾಣ, ಬೆಳಿಗ್ಗೆ ಹೊಟ್ಟೆ ತುಂಬ ಗೋಳಿಬಜೆ, ದೋಣಿಯಲ್ಲಿ ವಾಂತಿ. ನೀರಿಗಿಳಿದು ಎರಡಾಳು ಆಳ ಹೋಗುವಷ್ಟರಲ್ಲಿ ಕಿವಿಗೆ ದಬ್ಬಳ ಚುಚ್ಚಿದಂತಹ ನೋವು, ಮಾಸ್ಕ್‌ನೊಳಗೆ ನೀರು, ಎದೆಯಲ್ಲಿ ಡವಡವ. ತರಬೇತುದಾರರು ಸನ್ನೆಯಲ್ಲೇ ಹೇಗಿದ್ದೀರಿ ಎಂದು ಕೇಳಿದಾಗ, ಮರ್ಯಾದೆ ಉಳಿಸಿಕೊಳ್ಳಲೆಂದು ಹೆಬ್ಬೆರಳೆತ್ತಿ ತೋರಿಸಿದೆ. ಅವರು ಕೂಡಲೇ ನನ್ನನ್ನು ಮೇಲೆ ತಂದು ದೋಣಿ ಹತ್ತಿಸಿಬಿಟ್ಟರು. ಈಜೇ ಬಾರದ ಗೆಳೆಯರಿಬ್ಬರು ಅರ್ಧ ಗಂಟೆ ಮೀನು ನೋಡಿ ಬಂದರು. ಅಂದಿನಿಂದ ತೋಟದಲ್ಲಿ ನಾನೇ ನಗೆಪಾಟಲು. ಮತ್ತೆ ಪ್ರಯತ್ನಿಸುವ ಆಸೆ ಇದೆ. ಇದು ನನ್ನಿಂದಾಗುವ ಕೆಲಸವೇ?
— ಹೆಸರು ಬೇಡ, ಸಕಲೇಶಪುರ

ಉತ್ತರ: ಮೊದಲು ಆ ಹೆಬ್ಬೆರಳಿನ ವಿಷಯವನ್ನು ಇತ್ಯರ್ಥ ಮಾಡೋಣ. ಡೈವಿಂಗ್‌ನ ಸನ್ನೆಭಾಷೆಯಲ್ಲಿ ಹೆಬ್ಬೆರಳೆತ್ತುವುದೆಂದರೆ ‘ಮೇಲಕ್ಕೆ ಹೋಗೋಣ’ ಎಂದರ್ಥ; ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಕೂಡಿಸಿ ಉಂಗುರದಂತೆ ಹಿಡಿಯಬೇಕು. ನೀವು ಸುಳ್ಳು ಹೇಳಹೋಗಿ ನಿಜವನ್ನೇ ಹೇಳಿದಿರಿ, ಅವರು ಅದನ್ನು ನಂಬಿ ಮಾಡಬೇಕಾದದ್ದನ್ನೇ ಮಾಡಿದರು. ಆ ನೋವಿನಲ್ಲಿ ಇನ್ನಷ್ಟು ಕೆಳಗಿಳಿದಿದ್ದರೆ ಕಿವಿತಮಟೆ ಹರಿಯುವ ಸಾಧ್ಯತೆ ಇತ್ತು. ಈಗಲೂ ಕಿವಿ ಕಟ್ಟಿಕೊಂಡಂತೆ, ಮೊರೆದಂತೆ ಅನ್ನಿಸುತ್ತಿದ್ದರೆ, ಮುಂದಿನ ಸಾಲುಗಳನ್ನು ಓದುವ ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ಒಮ್ಮೆ ತೋರಿಸಿ ಬನ್ನಿ.

ಆ ನೋವು ಎಲ್ಲಿಂದ ಬಂತೆಂಬುದನ್ನು ಸಕಲೇಶಪುರದವರಿಗೆ ವಿವರಿಸುವುದು ಸುಲಭ. ಶಿರಾಡಿ ಘಾಟಿ ಇಳಿಯುವಾಗ ಗುಂಡ್ಯ ತಲುಪುವ ಹೊತ್ತಿಗೆ ಕಿವಿ ಕಟ್ಟಿಕೊಳ್ಳುತ್ತದೆ, ಎಂಜಲು ನುಂಗಿದರೆ ‘ಟಪ್’ ಎಂದು ಬಿಡುತ್ತದೆ. ಸುಮಾರು 950 ಮೀಟರ್ ಎತ್ತರದ ನಿಮ್ಮೂರಿನಿಂದ ಕರಾವಳಿಗೆ ಇಳಿಯುವಾಗ ಗಾಳಿಯ ಒತ್ತಡ ಎಷ್ಟು ಏರುತ್ತದೋ, ನೀರಿನಲ್ಲಿ ಕೇವಲ ಒಂದು ಮೀಟರ್ ಇಳಿದರೆ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಎರಡಾಳು ಎಂದರೆ ಮೂರು ಮೀಟರಿಗೆ ಕಡಿಮೆಯಿಲ್ಲ. ಅಂದರೆ ನೀವು ಮೂರು ಶಿರಾಡಿ ಘಾಟಿಗಳನ್ನು ಒಂದು ನಿಮಿಷವೂ ಹಿಡಿಯದಂತೆ, ಒಮ್ಮೆಯೂ ಎಂಜಲು ನುಂಗದೆ ಇಳಿದಿರಿ. ಕಿವಿಯ ಒಳಭಾಗವನ್ನು ಗಂಟಲಿಗೆ ಜೋಡಿಸುವ ಯುಸ್ಟೇಶಿಯನ್ ನಾಳ ತೆರೆದು ಗಾಳಿಯನ್ನು ಒಳಬಿಟ್ಟರೆ ಮಾತ್ರ ತಮಟೆಯ ಎರಡೂ ಬದಿಯ ಒತ್ತಡ ಸಮವಾಗುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಮೂಗಿನೊಳಕ್ಕೆ ಊದುವ ಉಪಾಯಕ್ಕೆ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಆಂಟೋನಿಯೋ ವಲ್ಸಾಲ್ವಾ ಹೆಸರಿದೆ. ಅವನು ಕಿವಿಯ ಬಗ್ಗೆ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1704ರಲ್ಲಿ.

ಬಹುತೇಕ ಹೊಸಬರು ಎಡವುವುದು ಇದನ್ನು ಮಾಡುವ ಹೊತ್ತಿನ ವಿಷಯದಲ್ಲಿ. ನೋವು ಬಂದ ಮೇಲೆ ಊದುವುದಲ್ಲ, ನೋವು ಬರುವ ಮುಂಚೆಯೇ ಊದಬೇಕು: ನೀರಿನ ಮೇಲಿರುವಾಗಲೇ ಒಮ್ಮೆ, ಅನಂತರ ಅರ್ಧರ್ಧ ಮೀಟರಿಗೆ ಒಮ್ಮೆ. ತಡಮಾಡಿದರೆ ಒತ್ತಡದ ಅಂತರವೇ ನಾಳದ ಬಾಯಿಯನ್ನು ಬಿಗಿಯಾಗಿ ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಊದಿದರೂ ಅದು ತೆರೆಯುವುದಿಲ್ಲ, ಬಲವಂತ ಮಾಡಿದರೆ ಒಳಕಿವಿಗೇ ಪೆಟ್ಟಾಗಬಹುದು. ಆಗ ಇರುವ ದಾರಿ ಒಂದೇ: ಒಂದು ಮೀಟರ್ ಮೇಲೇರಿ, ಅಲ್ಲಿ ಕಿವಿ ಬಿಡಿಸಿಕೊಂಡು, ಮತ್ತೆ ಇಳಿಯುವುದು. ತಲೆ ಕೆಳಗಾಗಿ ಧುಮುಕುವ ಬದಲು ಹಗ್ಗ ಹಿಡಿದು ಕಾಲು ಮುಂದಾಗಿ ಇಳಿದರೆ ಕಿವಿ ಹೆಚ್ಚು ಸಲೀಸಾಗಿ ಬಿಡುತ್ತದೆ. ಪ್ರತಿ 10 ಮೀಟರ್ ಆಳಕ್ಕೂ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ, ಆದರೆ ಒತ್ತಡ ಇಮ್ಮಡಿಯಾಗುವುದು ಮೊದಲ 10 ಮೀಟರಿನಲ್ಲಿ ಮಾತ್ರ. ಕಿವಿಯ ಲೆಕ್ಕದಲ್ಲಿ ಅತ್ಯಂತ ಕಠಿಣವಾದ ಹಾದಿಯೇ ಹೊಸಬರ ಪಾಲಿಗೆ ಬಂದಿರುತ್ತದೆ ಎಂಬುದನ್ನು ದೋಣಿಯ ಮೇಲಿನ ಕಾಲು ಗಂಟೆಯ ಪಾಠದಲ್ಲಿ ಯಾರೂ ಮನಸ್ಸಿಗೆ ನಾಟುವಂತೆ ಹೇಳುವುದಿಲ್ಲ. ಇನ್ನು, ನೆಗಡಿಯಿದ್ದ ದಿನ ನೀರಿಗಿಳಿಯುವ ಮಾತೇ ಬೇಡ.

ಹಾಗಾದರೆ ಈಜು ಬಾರದ ಗೆಳೆಯರು ಹೇಗೆ ಗೆದ್ದರು? ನಿಮ್ಮ ಮನಸ್ಸನ್ನು ಹೆಚ್ಚು ಕೊರೆಯುತ್ತಿರುವುದು ಇದೇ ಇರಬೇಕು. ನಿಮ್ಮ ಈಜೇ ಅಂದು ನಿಮಗೆ ಅಡ್ಡ ಬಂದಿತೆಂದು ನನ್ನ ಅನುಮಾನ. ಕೆರೆಯಲ್ಲಿ ಕಲಿತವರ ಮೊದಲ ಪಾಠ, ತಲೆ ನೀರಿಗೆ ಹೋದೊಡನೆ ಉಸಿರು ಕಟ್ಟುವುದು. ಸ್ಕೂಬಾದ ಮೊದಲ ಪಾಠ, ಎಂದೂ ಉಸಿರು ಕಟ್ಟಬಾರದು ಎಂಬುದು. ನೀವು ಕೆರೆಯಲ್ಲಿ ಮುಳುಗುವಾಗ ದಡದ ಗಾಳಿಯನ್ನೇ ಎದೆಯಲ್ಲಿ ಒಯ್ಯುತ್ತೀರಿ. ಅದು ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ಹೆಚ್ಚಾಗುವುದಿಲ್ಲ. ಆದರೆ 10 ಮೀಟರ್ ಆಳದಲ್ಲಿ ಸಿಲಿಂಡರಿನಿಂದ ಎಳೆದುಕೊಂಡ ಒಂದು ಉಸಿರು ಮೇಲೆ ಬರುವಷ್ಟರಲ್ಲಿ ಇಮ್ಮಡಿಯಾಗುತ್ತದೆ. ಬಾಯಿ ಬಿಗಿಹಿಡಿದು ಮೇಲೆ ನುಗ್ಗಿದರೆ ಶ್ವಾಸಕೋಶವೇ ಹರಿಯಬಹುದು, ಅದಕ್ಕೆ ಒಂದೆರಡು ಮೀಟರ್ ಆಳವೂ ಸಾಕು. ಆದ್ದರಿಂದ ಇಪ್ಪತ್ತೈದು ವರ್ಷದಿಂದ ಮೈಗೂಡಿದ ಅಭ್ಯಾಸವನ್ನು ನೀವು ಒಂದು ಬೆಳಿಗ್ಗೆಯಲ್ಲಿ ಬಿಡಬೇಕಾಗಿತ್ತು, ಗೆಳೆಯರಿಗೆ ಬಿಡಬೇಕಾದದ್ದು ಏನೂ ಇರಲಿಲ್ಲ. ಅವರು ಹೇಳಿದಂತೆ ಬಾಯಲ್ಲಿ ಉಸಿರಾಡಿದರು, ಅಷ್ಟೇ. ಗಾಬರಿಯಲ್ಲಿ ಸಣ್ಣ ಸಣ್ಣ ಉಸಿರು ಎಳೆದುಕೊಂಡಾಗ ಇಂಗಾಲದ ಡೈ ಆಕ್ಸೈಡ್ ಪೂರ್ತಿ ಹೊರಹೋಗದೆ, ಸಿಲಿಂಡರ್ ತುಂಬಿದ್ದರೂ ಗಾಳಿಯೇ ಸಿಗುತ್ತಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ಒಳಗೆಳೆಯುವುದಕ್ಕಿಂತ ಹೊರಬಿಡುವುದರ ಮೇಲೆ ಗಮನವಿಟ್ಟು, ನಿಧಾನವಾಗಿ, ಉದ್ದವಾಗಿ ಬಿಟ್ಟರೆ ಆ ಡವಡವ ತಾನಾಗಿ ಇಳಿಯುತ್ತದೆ. (ಅಂದಹಾಗೆ, ಆ ಸಿಲಿಂಡರಿನಲ್ಲಿರುವುದು ಎಲ್ಲರೂ ಹೇಳುವಂತೆ ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಸಾಮಾನ್ಯ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ.)

ಮಾಸ್ಕ್‌ಗೆ ನೀರು ನುಗ್ಗಿದ್ದಕ್ಕೆ ಒಂದು ಪ್ರಶ್ನೆ: ನಿಮಗೆ ಮೀಸೆ ಇದೆಯೇ? ದಪ್ಪ ಮೀಸೆಯ ಕೂದಲು ಮಾಸ್ಕ್‌ನ ಅಂಚು ಚರ್ಮಕ್ಕೆ ಅಂಟದಂತೆ ಮಾಡುತ್ತದೆ. ಮೀಸೆಯ ಹೆಮ್ಮೆ ನನಗೂ ಇತ್ತು. ಮೂಗಿನ ಹೊಳ್ಳೆಗಳ ಕೆಳಗೆ ಒಂದು ಕಡ್ಡಿಯಷ್ಟು ಅಗಲ ಬೋಳಿಸಿದ ಮೇಲೆ ಮಾಸ್ಕ್ ಸೋರುವುದು ನಿಂತಿತು, ಹೆಮ್ಮೆಗೇನೂ ಕುಂದಾಗಲಿಲ್ಲ. ನೀರು ಬಂದರೂ ಅನಾಹುತವಲ್ಲ. ಮಾಸ್ಕ್‌ನ ಮೇಲಂಚನ್ನು ಹಣೆಗೆ ಒತ್ತಿ, ಮುಖವನ್ನು ತುಸು ಮೇಲೆತ್ತಿ, ಮೂಗಿನಿಂದ ಉಸಿರು ಬಿಟ್ಟರೆ ನೀರು ಕೆಳಗಿನಿಂದ ಹೊರಹೋಗುತ್ತದೆ. ಇದು ಓದಿದರೆ ಬರುವ ವಿದ್ಯೆಯಲ್ಲ, ಎದೆಮಟ್ಟದ ನೀರಿನಲ್ಲಿ ಇಪ್ಪತ್ತು ಸಲ ಮಾಡಿದರೆ ಬರುವಂಥದ್ದು.

ಹೀಗಾಗಿ ನನ್ನ ಸಲಹೆ, ಅದೇ ದೋಣಿಯನ್ನು ಮತ್ತೆ ಹತ್ತಿ ಅದೇ ಒಂದು ದಿನದ ಪ್ರಯೋಗ ಮಾಡಬೇಡಿ. ಈಜುಕೊಳದಿಂದ ಆರಂಭವಾಗುವ ತರಬೇತಿಗೆ ಸೇರಿ. ಬೆಂಗಳೂರಿನಲ್ಲಿ ಕೊಳದ ಪಾಠ ಮುಗಿಸಿ ಅನಂತರ ಕಡಲಿಗೆ ಕರೆದೊಯ್ಯುವವರಿದ್ದಾರೆ. ಸಾಮಾನ್ಯವಾಗಿ ‘ಓಪನ್ ವಾಟರ್’ ಎನ್ನುವ ಈ ಮೊದಲ ಹಂತದಲ್ಲಿ ಕೊಳದ ಅಭ್ಯಾಸದ ಮೇಲೆ ನಾಲ್ಕು ಡೈವ್‌ಗಳಿರುತ್ತವೆ, ಪಾಸಾದವರು 18 ಮೀಟರ್‌ವರೆಗೆ ಇಳಿಯಬಹುದು. ಪರೀಕ್ಷೆಯಲ್ಲಿ ಸಮಯದ ಮಿತಿಯಿಲ್ಲದೆ 200 ಮೀಟರ್ ಈಜಿ, 10 ನಿಮಿಷ ತೇಲಬೇಕು. ಕೆರೆಯ ಈಜು ಅಲ್ಲಿ ನಿಮ್ಮನ್ನು ಕಾಪಾಡುತ್ತದೆ. ಹಣ ಕಟ್ಟುವ ಮುಂಚೆ ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ, ಪಾಠ ಕನ್ನಡದಲ್ಲಿ ನಡೆದೀತೇ ಎಂದು ಸಂಕೋಚವಿಲ್ಲದೆ ಕೇಳಿ. ಕಿವಿಗೆ ಸಂಬಂಧಿಸಿದ ಸೂಚನೆಯನ್ನು ಅರೆಬರೆ ಅರ್ಥವಾದ ಭಾಷೆಯಲ್ಲಿ ಕೇಳಿಸಿಕೊಳ್ಳುವುದು ಕ್ಷೇಮವಲ್ಲ.

ಮುರುಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್, ದೋಣಿಯಲ್ಲಿ ಒಂದೂವರೆ ಗಂಟೆ. ನಿದ್ದೆಗೆಟ್ಟು, ಎಣ್ಣೆತಿಂಡಿ ತಿಂದು ಹೋದರೆ ಎಂಥವರಿಗೂ ಹೊಟ್ಟೆ ತೊಳಸುತ್ತದೆ. ಹಿಂದಿನ ದಿನವೇ ಹೋಗಿ ಮಲಗಿ, ಬೆಳಿಗ್ಗೆ ಎರಡು ಇಡ್ಲಿ ಸಾಕು. ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮೊದಲೇ ನುಂಗಿ, ಏಕೆಂದರೆ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ.

ಕೊಳದ ಪಾಠ ಮುಗಿದ ಮೇಲೂ ಮನಸ್ಸು ಒಪ್ಪದಿದ್ದರೆ ಬಿಟ್ಟುಬಿಡಿ. ತೋಟದ ಗೆಳೆಯರು ಹೇಗೂ ನಗಲು ಇನ್ನೊಂದನ್ನು ಹುಡುಕಿಕೊಳ್ಳುತ್ತಾರೆ.

ಪ್ರಶ್ನೆ: ನನಗೆ 51 ವರ್ಷ, ಕನ್ನಡಕವಿದೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಒಮ್ಮೆ ಇಳಿದಾಗ ಎಲ್ಲವೂ ಮಸುಕಾಗಿ ಕಂಡು ಹೆದರಿ ವಾಪಸಾದೆ. ಮತ್ತೆ ಇಳಿಯಬಹುದೇ?
— ಶಿಕ್ಷಕಿ, ಬೇಲೂರು

ಉತ್ತರ: ಮಸುಕಿಗೆ ಪರಿಹಾರ ಸುಲಭ: ನಿಮ್ಮ ನಂಬರಿನ ಗಾಜು ಕೂಡಿಸಿದ ಮಾಸ್ಕ್ ಸಿಗುತ್ತದೆ, ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಕೂಡ ಆದೀತು, ಮಾಸ್ಕ್‌ನ ನೀರು ತೆಗೆಯುವಾಗ ಮಾತ್ರ ಕಣ್ಣು ಮುಚ್ಚಿಕೊಳ್ಳಬೇಕು. ನೀರಿನಲ್ಲಿ ವಸ್ತುಗಳು ಇರುವುದಕ್ಕಿಂತ ಹತ್ತಿರವಾಗಿ, ದೊಡ್ಡದಾಗಿ ಕಾಣುವುದರಿಂದ ಅಲ್ಪಸ್ವಲ್ಪ ನಂಬರಿನವರಿಗೆ ಎಷ್ಟೋ ಸಲ ಅದೂ ಬೇಕಾಗುವುದಿಲ್ಲ. ರಕ್ತದೊತ್ತಡದ ವಿಷಯ ಹಾಗಲ್ಲ, ಮೇಡಂ. ಇಳಿಯುವ ಮುನ್ನ ತುಂಬಿಸುವ ಆರೋಗ್ಯದ ಫಾರಂ ಅನ್ನು ಖಾಲಿಯಾಗಿರುವಾಗಲೇ ತರಿಸಿಕೊಂಡು, ನಿಮ್ಮ ವೈದ್ಯರ ಮುಂದಿಟ್ಟು, ಅವರ ಸಹಿ ಪಡೆಯಿರಿ. ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿ ದೋಣಿ ಹತ್ತುವವರನ್ನು ನಾನು ಬಹಳ ನೋಡಿದ್ದೇನೆ, ನೀವು ಹಾಗೆ ಮಾಡಬೇಡಿ.

ಪ್ರಶ್ನೆ: ಬೆಳಿಗ್ಗೆ ನೇತ್ರಾಣಿಯಲ್ಲಿ ಡೈವ್ ಮಾಡಿ, ಆಗುಂಬೆ ಘಾಟಿ ಹತ್ತಿ ರಾತ್ರಿಯೇ ಮನೆ ಸೇರುವ ಯೋಚನೆ ನಮ್ಮದು. ಹಾಗೆ ಮಾಡಬಾರದೆಂದು ಒಬ್ಬರು ಹೇಳುತ್ತಾರೆ, ನಿಜವೇ?
— ಕಾಲೇಜು ವಿದ್ಯಾರ್ಥಿಗಳು, ಚಿಕ್ಕಮಗಳೂರು

ಉತ್ತರ: ನಿಜ. ಆಳದಲ್ಲಿ ಉಸಿರಾಡಿದಾಗ ರಕ್ತದಲ್ಲಿ ಹೆಚ್ಚುವರಿ ಸಾರಜನಕ ಕರಗಿರುತ್ತದೆ, ಅದು ಹೊರಹೋಗಲು ಗಂಟೆಗಳೇ ಬೇಕು. ಅದಕ್ಕೆ ಮೊದಲೇ ಗಾಳಿಯ ಒತ್ತಡ ಕಡಿಮೆಯಿರುವ ಎತ್ತರಕ್ಕೆ ಹೋದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳೇಳುವ ಅಪಾಯವಿದೆ. ಒಂದೇ ಡೈವ್ ಆಗಿದ್ದರೆ 12 ಗಂಟೆ, ಒಂದಕ್ಕಿಂತ ಹೆಚ್ಚಾದರೆ ಅಥವಾ ಹಲವು ದಿನ ಇಳಿದಿದ್ದರೆ 18 ಗಂಟೆ ವಿಮಾನ ಹತ್ತಬಾರದೆಂಬ ಸಲಹೆ ಸಾಮಾನ್ಯವಾಗಿ 600 ಮೀಟರ್ ಮೀರಿದ ಎತ್ತರಕ್ಕೆಲ್ಲ ಅನ್ವಯಿಸುತ್ತದೆ. ಆಗುಂಬೆಯೇ ಆ ಗೆರೆ ದಾಟಿದೆ, ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಮೇಲಿದೆ. ಅರ್ಧ ಗಂಟೆಯ ಕಡಿಮೆ ಆಳದ ಒಂದು ಡೈವ್‌ನಲ್ಲಿ ಅಪಾಯ ಸಣ್ಣದೇ, ಆದರೂ ಬಸ್ಸು ಹಿಡಿಯುವ ಅವಸರಕ್ಕಾಗಿ ಅದನ್ನು ಮೈಮೇಲೆ ಎಳೆದುಕೊಳ್ಳುವುದೇಕೆ? ಮಧ್ಯಾಹ್ನ ದಡಕ್ಕೆ ಬಂದವರು ಕರಾವಳಿಯಲ್ಲೇ ಮಲಗಿ, ಬೆಳಿಗ್ಗೆ ತಿಂಡಿ ಮುಗಿಸಿ ಹೊರಡಿ. ಆ ತಿಂಡಿ ಗೋಳಿಬಜೆಯಾದರೂ ಅಡ್ಡಿಯಿಲ್ಲ.